ದ್ಯಾವಯ್ಯನ ಕೈಗವಸು ಎಲ್ಲಿ ಹೋದವು

ದ್ಯಾವಯ್ಯ ತೀರಿಕೊಂಡ. ಕಳೆದ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ನಮ್ಮೂರಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ದೊಡ್ಡಾಸ್ಪತ್ರೆಯಲ್ಲಿ. ಇಲಿಜ್ವರ. ಮೊದಲು ಲಿವರು, ಆಮೇಲೆ ಕಿಡ್ನಿ. ವಯಸ್ಸು ಐವತ್ತೆಂಟು.

ಶೀಳನೆರೆ ಸುತ್ತಿನ ಹನ್ನೆರಡು ಊರಿಗೆ ಅವನು ‘ದನದ ಡಾಕ್ಟ್ರು’. ಕಾಗದದ ಮೇಲೆ ಡಾಕ್ಟರಲ್ಲ, ಪಶು ಆಸ್ಪತ್ರೆಯ ಪರೀಕ್ಷಕ. ನನಗೆ ಒಂದನೇ ಕ್ಲಾಸಿನಿಂದ ಗೆಳೆಯ. ನಾನು ಮುದ್ದಯ್ಯ, ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ. ಮೂರು ಸಾವಿರ ಪುಸ್ತಕ, ಒಂದು ಫ್ಯಾನು, ದಿನಕ್ಕೆ ಆರು ಜನ ಓದುಗರು. ಆರರಲ್ಲಿ ನಾಲ್ವರು ಫ್ಯಾನಿಗೆ ಬರುವವರು.

ತಿಥಿಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಟೀ ಅಂಗಡಿ ಚಿಕ್ಕಸ್ವಾಮಿ ಕೂತಿದ್ದ. ಎಲೆಗೆ ಪಾಯಸ ಬೀಳುತ್ತಿದ್ದ ಹಾಗೇ ಬಾಯಿ ತೆರೆದ.

“ಊರ್ಗೆಲ್ಲ ಗ್ಲೌಸು, ಗ್ಲೌಸು ಅಂತ ಬಾಯ್ ಬಡ್ಕತಿದ್ದ. ತಾನೇ ಆಕ್ಕಳ್ನಿಲ್ಲ ನೋಡು. ಉದಾಸೀನ ಕಣಪ್ಪಾ, ಉದಾಸೀನ!”

ಆಚೆ ಈಚೆ ಕೂತವರು ತಲೆಯಾಡಿಸಿದರು. ನಾನೂ ಆಡಿಸಿದೆ. ಬಾಯಲ್ಲಿ ವಡೆ ಇತ್ತು, ಮಾತಾಡಲು ಆಗುತ್ತಿರಲಿಲ್ಲ ಎಂದುಕೊಳ್ಳೋಣ. ವಡೆ ಇಲ್ಲದಿದ್ದರೂ ಆಡಿಸುತ್ತಿದ್ದೆ. ಆ ತಲೆಯನ್ನು ಈಗ ಕನ್ನಡಿಯಲ್ಲಿ ಕಂಡರೆ ಎರಡು ಬಾರಿಸಬೇಕೆನ್ನಿಸುತ್ತದೆ!

ಯಾಕೆಂದರೆ ಅವನು ಕೈಗವಸು ಹಾಕಿಕೊಳ್ಳದೆ ಹೋದದ್ದು ಉದಾಸೀನದಿಂದಲ್ಲ. ಕೈಗವಸು ಇರಲಿಲ್ಲ. ಇದ್ದ ಒಂದು ಡಬ್ಬವನ್ನು ನಾನು ಮುಗಿಸಿದ್ದೆ.

ತಿಥಿ ಕಳೆದ ಮೂರನೇ ದಿನ ಅವನ ಹೆಂಡತಿ ಚಿಕ್ಕಬೋರಮ್ಮನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಆಕೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಆವಯ್ಯ ನಂಗೆ ಯೋಳಿದ್ದೇ ಬ್ಯಾರೆ. ‘ಗ್ಲೌಸು ಬ್ಯಾಗಲ್ಲೇ ಇತ್ತು ಕಣೆ, ನಾನೇ ಆಕ್ಕಳ್ನಿಲ್ಲ’ ಅಂದ. ಅವ್ನು ಕಣ್ಮುಚ್ದಾಗಿಂದ ದಿನಾ ಪೋಟೋ ಮುಂದೆ ನಿಂತ್ಕಂಡು ಬಯ್ತಾ ಇವ್ನಿ, ನಿನ್ನ ಸೋಂಬೇರಿತನಕ್ಕೆ ನನ್ನ ಇಂಗೆ ಮಾಡ್ಬುಟ್ಟಲ್ಲ ಅಂತ. ಸುಮ್ಸುಮ್ಕೆ ಬಯ್ದಂಗಾಯ್ತಲ್ಲ!”

“ನನ್ನ ಬಯ್ಯಿ ಕಣವ್ವ.”

“ನಿನ್ನ ಬಯ್ಯದು ಇದ್ದೇ ಅದೆ, ಅದ್ಕೆ ಅವಸ್ರ ಇಲ್ಲ.” ಮೊರ ಕೆಳಗಿಟ್ಟಳು. “ನನ್ ಕಿವೀಗೆ ಯೋಳ್ಬುಟ್ರೆ ಆಗೋಯ್ತಾ ಮುದ್ದಣ್ಣ? ಅವ್ನ ಮರ್ವಾದೆ ಓಗಿರಾದು ಊರ್ನಲ್ಲಿ. ನೀನು ಅದೇನೋ ಪೇಪರ್ಗೆ ಬರೀತೀಯಲ್ಲ, ಅದ್ರಲ್ಲಿ ಬರಿ. ನಿನ್ನೆಸ್ರು ಆಕಿ ಬರಿ. ಅಲ್ಲೀಗಂಟ ಈ ಒಸ್ಲು ತುಳೀಬ್ಯಾಡ.”

“ಬರೀತೀನಿ.”

“ಅಳ್ಸಿ ಬರೀಬ್ಯಾಡ. ನಗ್ಸಿ ಬರಿ. ಅಳೋದ್ನ ಯಾವನೂ ಕೊನೇಗಂಟ ಓದಲ್ಲ.”

ಆದ್ದರಿಂದ ದಯವಿಟ್ಟು ನಗಿ. ಚಿಕ್ಕಬೋರಮ್ಮನ ಅಪ್ಪಣೆಯಾಗಿದೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಮೂವತ್ತೆರಡು ನಾಟಿ ಕೋಳಿಗಳಿಗೆ ಭೇದಿ ಹಿಡಿಯಿತು. ಕೆ.ಆರ್. ಪೇಟೆಯ ಅಂಗಡಿಯಿಂದ ಯಾವುದೋ ಆ್ಯಂಟಿಬಯಾಟಿಕ್ ಪುಡಿ ತಂದು ನೀರಿಗೆ ಸುರಿಯಲು ಹೊರಟಿದ್ದೆ. ದ್ಯಾವಯ್ಯ ಪೊಟ್ಟಣ ಕಿತ್ತುಕೊಂಡ.

“ಇದ್ನ ಸುರುದ್ರೆ ಕೆಟ್ಟ ಕ್ರಿಮೀನೂ ಸಾಯ್ತದೆ, ಒಳ್ಳೆ ಕ್ರಿಮೀನೂ ಸಾಯ್ತದೆ. ಸಾಯ್ದೆ ಉಳ್ಕಂಡ ಕೆಟ್ಟದ್ದು ಪೈಲ್ವಾನಾಯ್ತದೆ. ಆ ಪೈಲ್ವಾನ ನಾಳೆ ನಿನ್ ಹೊಟ್ಟೇಗೆ ಬಂದ್ರೆ ಯಾವ ಮಾತ್ರೇಗೂ ಬಗ್ಗಲ್ಲ ಕಣ್ಲಾ.”

ತನ್ನ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದುಕೊಟ್ಟ. “ಇದು ಪ್ರೋಬಯಾಟಿಕ್ಕು. ಒಳ್ಳೆ ಕ್ರಿಮಿ. ದಿನಾ ಒಂದು ಚಿಟಿಕೆ ನೀರ್ಗಾಕು. ನೀರಿನ ಬಟ್ಲು ತಿಕ್ಕಿ ತೊಳಿ. ಅಷ್ಟೇಯ.”

ಅಷ್ಟೇ! ಮೂರು ಸಾವಿರ ಪುಸ್ತಕಗಳ ಒಡೆಯನಿಗೆ ಒಂದು ಚಿಟಿಕೆಯೇ? ಅದೇ ಸಂಜೆ ನಡುಮನೆಯಲ್ಲಿ ನಿಂತು ಹೆಂಡತಿ ಯಶೋದೆಗೆ ಘೋಷಿಸಿದೆ: “ಒಳ್ಳೆಯ ಕ್ರಿಮಿಯನ್ನು ನಾನೇ ಬೆಳೆಸುತ್ತೇನೆ. ಡಬ್ಬಗಟ್ಟಲೆ! ಈ ತಾಲ್ಲೂಕಿನ ಸಮಸ್ತ ಕುಕ್ಕುಟಗಳ ಜಠರವನ್ನೂ ಉದ್ಧಾರ ಮಾಡುತ್ತೇನೆ!”

“ಮೊದ್ಲು ನಿಮ್ ಜಠರಕ್ಕೆ ಹುಣ್ಸೆಹಣ್ಣು ತಂದ್ಕೊಡಿ. ಸಾರಿಗಿಲ್ಲ” ಎಂದಳು ಯಶೋದೆ.

ವಿಧಾನವನ್ನು ಎಲ್ಲೋ ಓದಿದ್ದೆ. ಮೊಸರು, ಬೆಲ್ಲ, ಕೊಳೆತ ಬಾಳೆಹಣ್ಣು, ರಾಗಿ ಅಂಬಲಿ ಕಲಸಿ ಹುಳಿಯಲು ಬಿಡಬೇಕು. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಅದಕ್ಕಾಗಿ ಡಬ್ಬದ ಬಾಯಿಗೆ ಒಂದು ಕೈಗವಸು ಕಟ್ಟಬೇಕು. ಕೈಗವಸಿನ ಬೆರಳ ತುದಿಗೆ ಸೂಜಿಯಿಂದ ತೂತು ಮಾಡಬೇಕು ಎಂಬುದು ಮುಂದಿನ ಪುಟದಲ್ಲಿತ್ತು. ನಾನು ಪುಟ ತಿರುವಿರಲಿಲ್ಲ.

ಕೈಗವಸಿಗೆ ಕೊರತೆಯೇ? ನಮ್ಮ ಮನೆಯ ಟ್ರಂಕಿನಲ್ಲಿ ದ್ಯಾವಯ್ಯನ ಡಬ್ಬವಿತ್ತು. ದನದ ಒಳಗೆ ಕೈ ಹಾಕುವಾಗ ತೊಡುವ, ಭುಜದವರೆಗೆ ಬರುವ ತೆಳ್ಳನೆ ಪ್ಲಾಸ್ಟಿಕ್ಕಿನವು, ನೂರು. ಅವನ ಆಸ್ಪತ್ರೆಯ ಬೀರುವಿಗೆ ಬಾಗಿಲಿರಲಿಲ್ಲ, ಹಿಂದಿನ ಡಬ್ಬವನ್ನು ಇಲಿಗಳು ಕಚ್ಚಿ ಜರಡಿ ಮಾಡಿದ್ದವು. ಅದಕ್ಕೇ ಹೊಸದನ್ನು ನಮ್ಮಲ್ಲಿ ಇಟ್ಟಿದ್ದ. ಆ ಒಂದು ಡಬ್ಬಕ್ಕೆ ಇಲಾಖೆಗೆ ಏಳು ತಿಂಗಳಲ್ಲಿ ಏಳು ಅರ್ಜಿ ಹೋಗಿದ್ದವು. ಏಳನ್ನೂ ಸೊಗಸಾದ ಕನ್ನಡದಲ್ಲಿ ಬರೆದುಕೊಟ್ಟವನು ನಾನೇ. ‘ಸಿಬ್ಬಂದಿಯ ಪ್ರಾಣರಕ್ಷಣೆಯ ದೃಷ್ಟಿಯಿಂದ’ ಎಂಬ ಸಾಲು ನನ್ನದೇ. ಆ ಸಾಲನ್ನು ಎರಡು ಸಲ ಓದಿಸಿ ಕೇಳಿ ದ್ಯಾವಯ್ಯ, “ಭೇಷ್ ಕಣ್ಲಾ ಮುದ್ದ!” ಎಂದಿದ್ದ.

ಹನ್ನೆರಡು ಎಣ್ಣೆ ಕ್ಯಾನುಗಳಿಗೆ ಅಮೃತ ತುಂಬಿಸಿ, ಬಾಯಿಗೆ ಹನ್ನೆರಡು ಕೈಗವಸು ಬಿಗಿದು, ಉಗ್ರಾಣದಲ್ಲಿ ರಾಗಿ ಚೀಲಗಳ ಹಿಂದೆ ಸಾಲಾಗಿ ನಿಲ್ಲಿಸಿದೆ.

ಮೂರನೇ ದಿನ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಸ್ತ್ರೀಶಕ್ತಿ ಸಂಘದ ಸಭೆ. ಯಶೋದೆ ಅಧ್ಯಕ್ಷೆ. ಹತ್ತು ಜನ ಹೆಂಗಸರು. ಮೇಲುಕೋಟೆಗೆ ಹೋಗಿಬರುವ ವಿಷಯ ಬಂತು.

“ಒಪ್ಗೆ ಇರೋರು ಕೈ ಎತ್ತಿ” ಎಂದಳು ಯಶೋದೆ. ಎಣಿಸಿದಳು. “ಹದಿನೆಂಟು.”

“ಅಲ್ಲ ಕಣಕ್ಕಾ, ಇರಾದೇ ಅತ್ತು ಜನ!”

ಎಲ್ಲರೂ ತಿರುಗಿ ನೋಡಿದರು. ಉಗ್ರಾಣದ ತೆರೆದ ಬಾಗಿಲಲ್ಲಿ, ರಾಗಿ ಚೀಲಗಳ ಮೇಲಿಂದ, ಹನ್ನೆರಡು ಬೆಳ್ಳನೆ ತೋಳುಗಳು ಐದೈದು ಬೆರಳು ಬಿಚ್ಚಿಕೊಂಡು ನೆಟ್ಟಗೆ ಎದ್ದು ನಿಂತಿದ್ದವು. ಒಂದು ಮೆಲ್ಲಗೆ ತೊನೆದಾಡುತ್ತಿತ್ತು!

ಆ ಹತ್ತು ಜನ ನಮ್ಮ ಮನೆಯ ಒಂದೇ ಬಾಗಿಲಿನಿಂದ ಏಕಕಾಲಕ್ಕೆ ಹೇಗೆ ಹೊರಗೆ ಹೋದರೆಂಬುದು ಇವತ್ತಿಗೂ ಬಗೆಹರಿದಿಲ್ಲ. ಆ ಕಿರುಚಾಟಕ್ಕೋ ಏನೋ ಮೊದಲ ಕೈ ಢಂ ಎಂದಿತು. ಆಮೇಲೆ ಎರಡನೆಯದು. ಹನ್ನೆರಡೂ ಸಿಡಿದವು. ಅಂಬಲಿ ಸೂರಿಗೆ ಹಾರಿತು, ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋಕ್ಕೆ ಹಾರಿತು, ಉಳಿದದ್ದು ಹೊಸಿಲು ದಾಟಿ ಅಂಗಳಕ್ಕೆ ಹರಿಯಿತು. ಕೋಳಿಗಳು ಮುತ್ತಿಕೊಂಡು ಕುಡಿದವು. ಚೆನ್ನಾಗಿ ಹುಳಿ ಬಂದಿದ್ದ ಬೆಲ್ಲದ ನೀರು! ಅರ್ಧ ಗಂಟೆಯಲ್ಲಿ ಹೇಟೆಗಳು ಒಂದಕ್ಕೊಂದು ಒರಗಿಕೊಂಡು ನಿಂತವು. ಹುಂಜ ಸುಡು ಮಧ್ಯಾಹ್ನದಲ್ಲಿ ಬೆಳಗಾಯಿತೆಂದು ಕೂಗಿ, ರುಬ್ಬುಗುಂಡಿನ ಮುಂದೆ ರೆಕ್ಕೆ ಬಿಚ್ಚಿ ಕುಣಿಯತೊಡಗಿತು.

ದ್ಯಾವಯ್ಯ ಬಂದ. ಕಂಬ ಹಿಡಿದುಕೊಂಡು ನಕ್ಕ. ನಗುತ್ತಾ ನಗುತ್ತಾ ಕೆಳಗೆ ಕೂತ. ಆಮೇಲೆ ಗೋಡೆಗಂಟಿದ್ದ ಒಂದು ಬೆರಳನ್ನು ಬಿಡಿಸಿ ನೋಡಿದ. ನಗು ನಿಂತಿತು.

“ಲೇ, ಇವು ನನ್ ಗ್ಲೌಸು.”

“ಹನ್ನೆರಡೇ ಕಣೋ.”

“ದನದ ಉಚ್ಚೇಲಿ, ಕಂದಾಕಿದ ಹಸೀನ ನೀರಲ್ಲಿ ಏನೇನ್ ರೋಗ ಇರ್ತದೆ ಅಂತ ಗೊತ್ತೇನ್ಲಾ ನಿಂಗೆ? ಇಲಿಜ್ವರ ಒಂದೇ ಸಾಕು ಮನ್ಸನ್ನ ಮಲುಗ್ಸಕ್ಕೆ. ಮಿಕ್ಕವು ಎಲ್ಲವೆ?”

“ಟ್ರಂಕಲ್ಲಿ ಭದ್ರವಾಗವೆ.”

ಆವತ್ತಿಗೆ ಅದು ನಿಜ. ತನ್ನ ಬ್ಯಾಗಲ್ಲಿ ಇನ್ನೂ ಒಂದು ಕಟ್ಟು ಇದೆ, ಅದು ಮುಗಿದ ಮೇಲೆ ಇಲ್ಲಿಂದ ಒಯ್ಯುತ್ತೇನೆ ಎಂದು ದ್ಯಾವಯ್ಯ ಹೇಳಿ ಹೋದ.

ಸೋತವನು ಸುಮ್ಮನಿರುತ್ತಾನೆಯೇ? ಎರಡನೇ ಪ್ರಯೋಗಕ್ಕೆ ಕ್ಯಾನಿಗೆ ಎರಡರಂತೆ ತೊಡಿಸಿದೆ. ಸಿಡಿದವು. ಮೂರನೆಯದಕ್ಕೆ ಸೂಜಿ ಚುಚ್ಚಿದೆ, ಅಂಬಲಿಗೆ ಹುಳ ಬಿತ್ತು. ಆಮೇಲೆ ಹಿತ್ತಲ ಸೀಬೆ ಮರ ಕಾಯಿ ಬಿಟ್ಟಿತು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಅದರಿಂದಲೂ ರೋಗ ಬರುತ್ತದೆ ಎಂದು ದ್ಯಾವಯ್ಯನೇ ಹೇಳಿದ್ದನಲ್ಲ! ಒಂದೊಂದು ಕಾಯಿಗೂ ಒಂದೊಂದು ಕೈಗವಸು ಕಟ್ಟಿದೆ. ರೋಗ ತಡೆಯುವ ಮಹತ್ಕಾರ್ಯ! ಕೊನೆಯದನ್ನು ಕಟ್ಟಿ ಕೆಳಗಿಳಿದಾಗ ಯಶೋದೆ ಕೇಳಿದಳು.

“ಅಲ್ಲಾ ಕಣ್ರೀ, ಆವಣ್ಣ ಬಂದ್ ಕೇಳುದ್ರೆ?”

“ಇಲಾಖೆಗೆ ಎಂಟನೇ ಅರ್ಜಿ ಬರೆದುಕೊಡ್ತೀನಿ ಬಿಡೆ. ನನ್ನ ಕೈಲೇನು ಪೆನ್ನಿಲ್ವಾ?”

ಬರೆಯಲಿಲ್ಲ. ಬರೆಯಬೇಕಾದರೆ ಅವನಿಗೆ ಹೇಳಬೇಕಿತ್ತು. ಬೈಕಿನ ಮೇಲೆ ಹೋಗುವಾಗೆಲ್ಲ ಗ್ರಂಥಾಲಯದ ಕಿಟಕಿಗೆ ಬಗ್ಗಿ, “ಡಬ್ಬ ಅದೇನ್ಲಾ?” ಎನ್ನುತ್ತಿದ್ದ. “ಅದೆ, ಹೋಗೋ” ಎನ್ನುತ್ತಿದ್ದೆ. ಮೂರು ತಿಂಗಳು ಹಾಗೇ ಹೇಳಿದೆ.

ಆಷಾಢದಲ್ಲಿ ನಮ್ಮ ಹಸು ಚಿನ್ನು ಏಳನೇ ತಿಂಗಳಿಗೇ ಗರ್ಭ ಜಾರಿ ಕಂದು ಹಾಕಲು ಶುರು ಮಾಡಿತು. ಊಟದ ಹೊತ್ತು. ಕರುವಿನ ಒಂದು ಕಾಲು ಮಾತ್ರ ಹೊರಗೆ, ಕರು ಸತ್ತಿತ್ತು. ಫೋನು ಮಾಡಿದ ಹತ್ತು ನಿಮಿಷಕ್ಕೆ ದ್ಯಾವಯ್ಯನ ಬೈಕು ಬಂತು. ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

“ನನ್ ಬ್ಯಾಗಲ್ಲಿದ್ದವು ನೆನ್ನೇಗೆ ಮುಗುದ್ವು. ಡಬ್ಬ ತತ್ತಾ.”

ನಾನು ಅಲ್ಲಾಡಲಿಲ್ಲ. ಯಶೋದೆ ತಂದುಕೊಟ್ಟಳು. ಅವನು ಡಬ್ಬದೊಳಗೆ ಕೈಯಾಡಿಸಿದ. ತಲೆಕೆಳಗು ಮಾಡಿ ಕೊಡವಿದ. ಒಂದು ಒಣಗಿದ ಸೀಬೆ ಎಲೆ ಬಿತ್ತು. ನನ್ನ ಮುಖ ನೋಡಿದ. ಕೊಟ್ಟಿಗೆಯ ಹಿಂಬಾಗಿಲಿಂದ ಸೀಬೆ ಮರ ಕಾಣುತ್ತಿತ್ತು. ಮರದ ತುಂಬ ಕೈಗಳು, ಗಾಳಿಗೆ ಟಾಟಾ ಮಾಡುತ್ತಿದ್ದವು.

“ಮರದ್ದನ್ನೇ ಬಿಚ್ಚಿಕೊಂಡು ಬರ್ಲೇನೋ?” ಎಂದೆ.

“ಬಾವ್ಲಿ ಉಚ್ಚೆ ಹುಯ್ದಿರಾದ್ನ ಹಸೀನ ಹೊಟ್ಟೇಗೆ ಆಕ್ಲೇನ್ಲಾ, ಲೈಬ್ರರಿ?” ಸಿಟ್ಟು ಬಂದಾಗ ನನ್ನನ್ನು ಹಾಗೇ ಕರೆಯುತ್ತಿದ್ದ. “ಶೀಳನೆರೆಗೆ ಓಗಿ ಯಾರ್ತಾವಾರ ಇಸ್ಕ ಬತ್ತೀನಿ. ಅರ್ಧ ಗಂಟೆ.”

ಇಲ್ಲಿಯವರೆಗೆ ನಗಿಸಲು ಪ್ರಯತ್ನಪಟ್ಟೆ. ಇನ್ನು ಒಂದು ಮಾತಿದೆ, ಅದನ್ನು ನಗಿಸುವ ಹಾಗೆ ಬರೆಯುವ ದಾರಿ ನನಗೆ ಗೊತ್ತಿಲ್ಲ. ನಾನು ಅವನ ಬೈಕಿನ ಕೀ ಹಿಡಿದುಕೊಂಡೆ. “ಅರ್ಧ ಗಂಟೇಲಿ ಚಿನ್ನು ಸತ್ತೋಗ್ತಾಳೆ ಕಣೋ. ಇದೊಂದ್ಸಲ ಬರೀಗೈಲಿ ತೆಗೆದ್ಬುಡು. ನಮ್ಮಪ್ಪನ ಕಾಲದಲ್ಲಿ ಗ್ಲೌಸೆಲ್ಲಿದ್ವು?” ಎಂದೆ.

ಅವನು ಹಸುವಿನ ಕಣ್ಣು ನೋಡಿದ. ಹೆಬ್ಬೆರಳಿನ ಬಟ್ಟೆ ಬಿಚ್ಚಿ ಎಸೆದು, ತೋಳು ಮಡಚಿದ. “ಸೋಪು ತಾ” ಎಂದ.

ನಲವತ್ತು ನಿಮಿಷ ಹಿಡಿಯಿತು. ಚಿನ್ನು ಉಳಿದಳು. ಕರುವನ್ನು ಸುಣ್ಣ ಹಾಕಿಸಿ ಆಳವಾಗಿ ಹೂಳಿಸಿದ, ನಾಯಿ ಎಳೆಯಬಾರದೆಂದು. ಹಸುವಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸಲು ಸೀಸೆಗೆ ಹಾಕಿಕೊಂಡ. ನನ್ನ ಕೈಯನ್ನೂ ತೊಳೆಸಿದ. ಮಗ್ಗಿ ಹೇಳಿಸುವ ಮೇಷ್ಟರ ಹಾಗೆ ನಿಂತು ಮೂರು ಸಲ ತೊಳೆಸಿದ. ಹೊರಡುವಾಗ ಮರದ ಕಡೆ ನೋಡಿ, “ಯಶೋದಕ್ಕ, ಇಷ್ಟೊಂದು ಕೈಗೂ ಬಳೆ ತೊಡ್ಸಾಕಿಲ್ವಾ?” ಎಂದು ನಕ್ಕ. ನನ್ನನ್ನು ಒಂದು ಮಾತು ಬಯ್ಯಲಿಲ್ಲ. ಬಯ್ಯಬೇಕಿತ್ತು. ಅಷ್ಟು ದೊಡ್ಡ ಮನುಷ್ಯನಾಗಲು ಅವನಿಗೆ ಹೇಳಿದವರು ಯಾರು!

ಒಂಬತ್ತನೇ ದಿನ ಅವನಿಗೆ ಜ್ವರ ಬಂತು. ಒಂದು ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ದ್ಯಾವಯ್ಯ ನೆಟ್ಟಗೆ ಹೇಳಿದ: “ಸಾರ್, ಕಂದಾಕಿದ ಹಸೀಗೆ ಬರೀಗೈ ಹಾಕಿದ್ದೆ, ಬೆರಳಲ್ಲಿ ಗಾಯ ಇತ್ತು. ಮೀನ್ಖಂಡ ಇಡ್ಕಂಡವೆ, ಕಣ್ಣು ಕೆಂಪಾಗವೆ. ಇಲಿಜ್ವರಕ್ಕೆ ಪರೀಕ್ಷೆ ಮಾಡ್ಸಿ.”

ಆ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಹೇಳಿದರು: “ನೀವು ದನಕ್ಕೆ ಡಾಕ್ಟ್ರು. ಜನಕ್ಕೆ ನಾನು.”

ನಾಲ್ಕು ದಿನ ಜ್ವರದ ಮಾತ್ರೆ. ಕಣ್ಣು ಹಳದಿಯಾದ ಮೇಲೆ, ಕಾಮಾಲೆ ಎಂದು ನೆಂಟರು ತಂದ ಸೊಪ್ಪಿನ ರಸ ಎರಡು ದಿನ. ಅವನು ಬೇಡ ಬೇಡವೆಂದರೂ ಕುಡಿಸಿದರು. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಮೂತ್ರ ನಿಂತಿತ್ತು. ಅಲ್ಲಿನವರು ಅದೇ ದಿನ ಪರೀಕ್ಷೆ ಮಾಡಿ ಇಲಿಜ್ವರವೇ ಎಂದರು. ಆರು ದಿನದ ಹಿಂದೆ ಅವನೇ ಹೇಳಿದ್ದ ಹೆಸರು. ಚಿನ್ನುವಿನ ರಕ್ತದ ವರದಿಯೂ ಬಂದಿದೆ, ತಿಥಿಯ ಮಾರನೇ ದಿನ, ಅವನ ಹೆಸರಿಗೆ. ಅದೇ ರೋಗ. ದನದ ರಕ್ತಕ್ಕೆ ಒಂದು ಕಿಟಕಿ, ಜನದ ರಕ್ತಕ್ಕೆ ಇನ್ನೊಂದು ಕಿಟಕಿ. ಎರಡು ಕಿಟಕಿಯ ಹಿಂದೆ ಕೂತವರಿಗೆ ಪರಸ್ಪರ ಪರಿಚಯವಿಲ್ಲ. ಕ್ರಿಮಿಗೆ ಇಬ್ಬರೂ ಪರಿಚಯ.

ಏಳು ಅರ್ಜಿ ಕೇಳಿದ ಇಲಾಖೆಯನ್ನು ಬಯ್ಯಬಹುದು. ಪೆನ್ನಿನ ಮುಚ್ಚಳ ಹಾಕಿದ ಡಾಕ್ಟರನ್ನು ಬಯ್ಯಬಹುದು. ಸೊಪ್ಪು ಅರೆದವರನ್ನು, ಪಾಯಸದ ಎಲೆ ಮುಂದೆ ಕೂತು ತೀರ್ಪು ಕೊಟ್ಟ ಚಿಕ್ಕಸ್ವಾಮಿಯನ್ನು ಬಯ್ಯಬಹುದು. ಬಯ್ದಿದ್ದೇನೆ, ಒಬ್ಬನೇ ಗ್ರಂಥಾಲಯದಲ್ಲಿ ಕೂತು, ಗಟ್ಟಿಯಾಗಿ. ಆದರೆ ಅವರಲ್ಲಿ ಯಾರೂ ಅವನ ಡಬ್ಬಕ್ಕೆ ಕೈ ಹಾಕಿರಲಿಲ್ಲ. ಯಾರೂ ಬೈಕಿನ ಕೀ ಹಿಡಿದುಕೊಂಡಿರಲಿಲ್ಲ. ಉದಾಸೀನ ಮಾಡಿದವನ ಹೆಸರು ಮುದ್ದಯ್ಯ. ಚಿಕ್ಕಸ್ವಾಮಿ, ಟೀ ಲೋಟ ಕೆಳಗಿಟ್ಟು ಇದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದು.

ನನ್ನ ಕೋಳಿಗಳು ಚೆನ್ನಾಗಿವೆ. ಅವನು ಕೊಟ್ಟ ಪೊಟ್ಟಣದಿಂದ ದಿನಕ್ಕೆ ಒಂದು ಚಿಟಿಕೆ. ನೀರಿನ ಬಟ್ಟಲು ತಿಕ್ಕಿ ತೊಳೆಯುತ್ತೇನೆ. ಅಷ್ಟೇ.

ಆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನ ವಾರ್ಡಿಗೆ ಹೋದೆ. ಬಸ್ಸಿನಲ್ಲಿ ಎರಡು ಗಂಟೆ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಒಪ್ಪಿಕೊಂಡು, ಅವನ ಹೆಂಡತಿಗೂ ಹೇಳಿಬಿಡುವುದೆಂದು. ಅವನ ಮುಖ ಊದಿತ್ತು. ಮಂಚದ ಹತ್ತಿರ ಹೋಗುತ್ತಿದ್ದ ಹಾಗೇ ಕಣ್ಣು ಬಿಟ್ಟ.

“ಕೈ ತೊಳ್ದೇನ್ಲಾ?”

ಹೋಗಿ ತೊಳೆದು ಬಂದೆ.

“ದ್ಯಾವ, ಆ ಡಬ್ಬದ ವಿಷ್ಯ...”

“ಕೋಳಿ ಎಂಗವೆ?”

“ಚೆನ್ನಾಗವೆ. ಆ ಡಬ್ಬದ ವಿಷ್ಯ ಬೋರಮ್ಮಂಗೆ ಹೇಳ್ಬುಡ್ತೀನಿ ಕಣೋ.”

“ಯೋಳ್ಬ್ಯಾಡ. ಬ್ಯಾಗಲ್ಲೇ ಇತ್ತು ಅಂದಿವ್ನಿ. ನಿಜ ಗೊತ್ತಾದ್ರೆ ನಿಂಗೆ ಮುದ್ದೆ ಇಕ್ಕದ್ನ ನಿಲ್ಲುಸ್ಬುಡ್ತಾಳೆ.” ಉಸಿರು ತೆಗೆದುಕೊಂಡ. “ಸಾರು ಬೇರೆ ಚೆನ್ನಾಗ್ ಮಾಡ್ತಾಳೆ.”

ಸಿಸ್ಟರು ಬಂದು ಹೊತ್ತಾಯಿತು, ಹೊರಡಿ ಎಂದರು. ದ್ಯಾವಯ್ಯ ಬೆರಳೆತ್ತಿ ತಾಳಿ ಎಂದ. ಮಂಚದ ಪಕ್ಕದ ಮೇಜಿನ ಮೇಲೆ ಅವರ ಕೈಗವಸಿನ ಡಬ್ಬವಿತ್ತು. ಸೂಜಿ ಚುಚ್ಚಿದ ಕೈಯನ್ನು ನಿಧಾನವಾಗಿ ಚಾಚಿ ಒಂದು ಎಳೆದ. ಇನ್ನೊಂದು ಎಳೆದ. ಎರಡನ್ನೂ ಎದೆಯ ಮೇಲಿಟ್ಟುಕೊಂಡು ಮಡಚಿದ. ನನ್ನನ್ನು ಬಗ್ಗು ಎಂದು ಸನ್ನೆ ಮಾಡಿ, ಅಂಗಿಯ ಜೇಬಿಗೆ ತುರುಕಿದ.

“ಒಂದು ಜೊತೆ ಅವೆ. ಇವ್ನೂ ಮೊಸ್ರಿಗೆ ಕಟ್ಬುಟ್ಟೀಯೆ.”

ಆಮೇಲೆ ಅವು ಬೀಳಬಾರದೆಂದು ಜೇಬಿನ ಗುಂಡಿ ಹಾಕಲು ಹೋದ. ಬೆರಳು ಊದಿದ್ದವು. ಗುಂಡಿ ಎರಡು ಸಲ ಜಾರಿತು. ನಾನು ಹಾಕಿಕೊಳ್ಳುತ್ತೇನೆ ಬಿಡೋ ಎಂದರೆ ನನ್ನ ಕೈ ತಳ್ಳಿದ. ಮೂರನೇ ಸಲಕ್ಕೆ ಹಾಕಿದ.